ಗಿಟಾರಿಗೆ ಮೊದಲು ಬಡಿದವರು

ನೀವೇ ಹೇಳಿ ಗೆಳೆಯರೇ. ತಂತಿ ಮೀಟುತ್ತಲೇ ಗಿಟಾರಿನ ಮೈಯನ್ನೂ ತಬಲಾದಂತೆ ಬಡಿದು ನುಡಿಸುವವಳು ನಾನು. ಶಿವಮೊಗ್ಗದ ವಾದ್ಯದಂಗಡಿಯವರು ಇವತ್ತು ಹಾಕಿ ತೋರಿಸಿದ, ಗಿಟಾರಿನ ಸದ್ದು ಹಿಡಿಯುವ ಪಿಕಪ್ಪಿನಿಂದ ಸ್ಪೀಕರಿನಲ್ಲಿ ತಂತಿ ಕೇಳಿತು, ಬಡಿತ ಕೇಳಲಿಲ್ಲ. ಮರಕ್ಕೇ ಅಂಟಿಸುವ ಪಿಕಪ್ ಕೊಡಿ ಎಂದೆ.

"ಅದ್ರಲ್ಲಿ ಕೈ ತಾಗಿದ್ದೆಲ್ಲ ಕೇಳ್ಸುತ್ತೆ ಮೇಡಂ."

"ನಂಗೆ ಬೇಕಾಗಿರೋದೇ ಅದು. ಭದ್ರಾವತಿಯಿಂದ ಗಿಟಾರ್ನ ಬಸ್ಸಲ್ಲಿ ಹೊತ್ಕೊಂಡು ಬಂದಿದೀನಿ."

"ಗಿಟಾರ್ ಇರೋದು ಬಡಿಯೋದಕ್ಕಲ್ಲಮ್ಮ. ಬಡೀಬೇಕು ಅಂದ್ರೆ ತಬಲಾ ತಗೊಳ್ಳಿ."

ಹೋದ ವರ್ಷ ಇದೇ ಗಿಟಾರ್ ಮಾರುವಾಗ ಇದೇ ಮನುಷ್ಯ ಬೆರಳು ಮಡಿಸಿ ಅದರ ಬೆನ್ನಿಗೆ ಟಕಟಕ ಕುಟ್ಟಿ, "ಎಂಥಾ ಮರ, ಕೇಳಿ" ಅಂದಿದ್ದರು. ಆ ಶಬ್ದಕ್ಕೇ ನಾನು ಮರುಳಾಗಿದ್ದು. ಅದನ್ನು ನೆನಪಿಸಿದೆ.

ಅವರು ಒಳಗಿನಿಂದ ಆ ಪಿಕಪ್ ತಂದರು. ಎಲ್ಲಿ ಅಂಟಿಸಿದರೆ ಚೆನ್ನಾಗಿ ಕೇಳುತ್ತದೆಂದು ಅರ್ಧ ಗಂಟೆ ಗಿಟಾರಿನ ಮೈಯೆಲ್ಲ ಕುಟ್ಟಿ ನೋಡಿದರು.

ತಬಲಾ ತಗೊಳ್ಳಿ ಎಂದು ನಾನು ಹೇಳಲಿಲ್ಲ.