ಬೀಳದ ಸ್ವಿಚ್ಚು

ಪಾಲಿಶ್ ಅಕ್ಕನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಇದು ಗೊತ್ತಿದ್ದ ಬೀದಿಯವರು, ಅವಳು ಪಿಸುಮಾತಿಗೆ ಇಳಿದರೆ ಸಾಕು, ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಂಡ ಮೇಜು, ಕುರ್ಚಿ, ಕಪಾಟು ಮಾಡುತ್ತಿದ್ದ. ಅವನ್ನು ನುಣ್ಣಗೆ ಉಜ್ಜಿ ಪಾಲಿಶ್ ಹೊಡೆಯುವುದು ಅವಳ ಕೆಲಸ. ಹದಿನೆಂಟು ವರ್ಷ ಇಬ್ಬರೂ ಒಂದೇ ಧೂಳು ಕುಡಿದವರು.

ಶೆಡ್ಡಿನ ನಡುವೆ ಗರಗಸದ ಮೆಷಿನ್. ಕಬ್ಬಿಣದ ಹಲಗೆಯ ಸೀಳಿನಿಂದ ಅರ್ಧ ಚಕ್ರ ಮೇಲೆದ್ದು ತಿರುಗುತ್ತದೆ, ಮರವನ್ನು ಅದಕ್ಕೆ ತಳ್ಳಬೇಕು. ಅದರ ಪಕ್ಕದಲ್ಲಿದ್ದ ಡಬ್ಬಿಗೆ ಎರಡು ಗುಂಡಿ: ಹಸಿರು ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಕರೆಂಟ್ ಹೋದಾಗ ಡಬ್ಬಿಯೊಳಗೆ 'ಟಕ್' ಎಂದು ಏನೋ ಬೀಳುತ್ತಿತ್ತು. ಆಮೇಲೆ ಕರೆಂಟ್ ಬಂದರೂ, ಮತ್ತೆ ಹಸಿರು ಒತ್ತುವವರೆಗೆ ಮೆಷಿನ್ ಅಲ್ಲಾಡುತ್ತಿರಲಿಲ್ಲ. ಆ ಸದ್ದು ಅವಳ ಕಿವಿಗೆ ರೂಢಿಯಾಗಿತ್ತು.

ಒಂದು ದಿನ ಆ ಡಬ್ಬಿ ಸುಟ್ಟ ವಾಸನೆ ಬಂದು ಕೆಟ್ಟಿತು. ರಿಪೇರಿಗೆ ಬಂದವನು ಚಿಟಿಕೆ. ಯಾವ ಮೆಷಿನ್ ತೋರಿಸಿದರೂ "ಚಿಟಿಕೆ ಹೊಡೆಯೋದ್ರಲ್ಲಿ ಮಾಡ್ಕೊಡ್ತೀನಿ" ಅನ್ನುತ್ತಿದ್ದ ಮೆಕ್ಯಾನಿಕ್‌ಗೆ ಊರು ಇಟ್ಟ ಹೆಸರು ಅದು. ಅವನು ಡಬ್ಬಿ ಕಿತ್ತು, ಅಲ್ಲಿ ಹಿಡಿಕೆ ತಿರುಗಿಸುವ ಸಾದಾ ಸ್ವಿಚ್ ಕೂರಿಸಿದ.

ಅವಳು ಬಾಗಿಲಲ್ಲೇ ನಿಂತು ಕೇಳಿದಳು. "ಕರೆಂಟ್ ಹೋದ್ರೆ ಇದೂ ಮೊದಲಿನ ಹಾಗೆ ಬೀಳುತ್ತಲ್ವಾ?"

"ಎಲ್ಲಾ ಬೀಳುತ್ತಕ್ಕಾ. ನೀವು ತಲೆ ಕೆಡಿಸ್ಕೋಬೇಡಿ, ಪಾಲಿಶ್ ನೋಡ್ಕೊಳ್ಳಿ."

ಇಪ್ಪತ್ತು ದಿನಕ್ಕೆ ಅನಾಹುತವಾಯಿತು. ಗಂಡ ಹಲಗೆ ಸೀಳುತ್ತಿದ್ದಾಗ ಕರೆಂಟ್ ಹೋಯಿತು. ಚಕ್ರ ನಿಂತಿತು, ಮರ ಅರ್ಧಕ್ಕೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಅವನು ಕೈ ಹಾಕಿದ. ಅಷ್ಟರಲ್ಲಿ ಕರೆಂಟ್ ಬಂತು. ಯಾರೂ ಏನೂ ಮುಟ್ಟದೆ ಚಕ್ರ ತಿರುಗಿತು. ಅವನ ಬಲಗೈಯ ಎರಡು ಬೆರಳು ನಡುವಿನ ಗೆಣ್ಣಿನವರೆಗೆ ಹೋದವು.

ಆಸ್ಪತ್ರೆಗೆ ನೋಡಲು ಬಂದ ಚಿಟಿಕೆ ತಲೆಯಾಡಿಸಿದ. "ಸ್ವಿಚ್ ಆಫ್ ಮಾಡ್ದೆ ಕೈ ಹಾಕೋದಾ ಅಣ್ಣಾ? ಇಷ್ಟು ವರ್ಷದ ಅನುಭವ ಇರೋರು!"

"ನನ್ನದೇ ತಪ್ಪು ಕಣಪ್ಪಾ," ಎಂದ ಗಂಡ.

ಅವಳು ಪಿಸುಗುಟ್ಟಿದಳು. "ಬೀಳುತ್ತೆ ಅಂತ ಹೇಳಿದ್ರಲ್ಲ ನೀವು?"

"ನಾನೆಲ್ಲಿ ಹೇಳ್ದೆ? ಪಾಪ, ಅಕ್ಕಂಗೆ ಗಾಬರಿಯಲ್ಲಿ ಏನೇನೋ ನೆನಪಾಗ್ತಿದೆ."

ಅವಳಿಗೆ ಮೈಯೆಲ್ಲಾ ಉರಿದುಹೋಯಿತು. ಬೆರಳು ಹೋದದ್ದಕ್ಕಿಂತ ಈ 'ಪಾಪ' ಅವಳನ್ನು ಹೆಚ್ಚು ಸುಟ್ಟಿತು. ಗಂಡ ಅದಕ್ಕೂ ತಲೆಯಾಡಿಸಿದ್ದನ್ನು ನೋಡಿ ಅವನ ಮೇಲೂ ಅಷ್ಟೇ ಸಿಟ್ಟು ಬಂತು.

ಗಂಡನನ್ನು ಮನೆಗೆ ಕರೆತಂದವಳೇ ಮೆಷಿನ್ನಿನ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ ಸ್ವಿಚ್ಚಿನ ಒಳಗೆ ನೋಡಿದಳು. ಬರುವ ಎರಡು ತಂತಿ, ಹೋಗುವ ಎರಡು ತಂತಿ, ಅಷ್ಟೇ. ಬೀಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಬಿಚ್ಚಿದ ಕೈ ಅಲ್ಲಿಗೇ ನಿಲ್ಲಲಿಲ್ಲ. ಮೋಟರಿನ ಗಾಳಿ ಕಿಂಡಿಗಳಲ್ಲಿ ಮರದ ಪುಡಿ ಮೆತ್ತಿಕೊಂಡು ಗಟ್ಟಿಯಾಗಿತ್ತು. ಬೆಲ್ಟ್ ಅಂಚಿನಲ್ಲಿ ಬಿರಿದಿತ್ತು. ಕೈ ತಗುಲದಂತೆ ಚಕ್ರದ ಮೇಲೆ ಮುಚ್ಚಿರಬೇಕಾದ ಕಾಪು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದರೊಳಗೆ ಜೇಡ ಮನೆ ಕಟ್ಟಿ ಎಷ್ಟೋ ಕಾಲವಾಗಿತ್ತು.

"ಇದನ್ನ ತೆಗೆದಿಟ್ಟದ್ದು ಚಿಟಿಕೆ ಅಲ್ಲ," ಎಂದಳು ಗಂಡನ ಮುಂದೆ ಕಾಪನ್ನು ಎಸೆದು. "ಇದು ನೀವು."

"ಅದಿದ್ರೆ ಕೆಲಸ ಸಾಗಲ್ಲ ಕಣೇ..."

"ಈಗ ಚೆನ್ನಾಗಿ ಸಾಗ್ತಿದೆಯಾ?"

ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡ. ಆ ಮಾತು ಆಡಬಾರದಿತ್ತು ಎಂದು ಅವಳಿಗೆ ಅನ್ನಿಸಿತು. ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಅಂಗಡಿಯಿಂದ ಎರಡು ಗುಂಡಿಯ ಹೊಸ ಡಬ್ಬಿ ತಂದು, ಮುಚ್ಚಳದ ಒಳಗೆ ಅಂಟಿಸಿದ್ದ ಚಿತ್ರ ನೋಡಿಕೊಂಡು ತಾನೇ ಜೋಡಿಸಿದಳು. ಹಸಿರು ಒತ್ತಿದರೆ ಮೆಷಿನ್ ಓಡಿತು, ಬೆರಳು ತೆಗೆದರೆ ನಿಂತಿತು. ಮತ್ತೆ ಪ್ಲಗ್ ಕಿತ್ತಳು, ಬಿಚ್ಚಿದಳು, ಚಿತ್ರದ ಗೆರೆಯ ಮೇಲೆ ಬೆರಳಾಡಿಸುತ್ತಾ ಒಂದೊಂದೇ ತಂತಿಯನ್ನು ಹಿಡಿದು ನೋಡಿದಳು. ಒತ್ತಿದ ಗುಂಡಿಯನ್ನು ಒಳಗಿನಿಂದ ಹಿಡಿದುಕೊಳ್ಳಲು ಬೇಕಾದ ಸಣ್ಣ ತಂತಿ ಪಕ್ಕದ ಸ್ಕ್ರೂಗೆ ಹೋಗಿತ್ತು. ಅದನ್ನು ಸರಿಪಡಿಸುವ ಹೊತ್ತಿಗೆ ಮೂರನೆಯ ದಿನದ ಮಧ್ಯಾಹ್ನವಾಯಿತು. ಚಕ್ರ ತಿರುಗುತ್ತಿದ್ದಾಗ ಮೇನ್ ಆಫ್ ಮಾಡಿದಳು: ಟಕ್. ಆನ್ ಮಾಡಿದಳು: ಮೆಷಿನ್ ಮಿಸುಕಲಿಲ್ಲ. ಅವಳಿಗೆ ಖುಷಿಯಾಗಲಿಲ್ಲ. ಇಷ್ಟು ಸಣ್ಣ ಕೆಲಸವೇ ಇದು ಎಂದು ಸಿಟ್ಟು ಇನ್ನಷ್ಟು ಏರಿತು.

ಹಿಂದಿನ ಬೀದಿಯಲ್ಲಿ ಬಾಗಿಲು ಮಾಡುವ ಒಬ್ಬ ಹಿರಿಯನಿದ್ದ. ಅವನಿಗೂ ಚಿಟಿಕೆಯೇ ರಿಪೇರಿಯವನು. ಅವಳು ನೇರ ಅವನ ಶೆಡ್ಡಿಗೆ ಹೋದಳು.

"ದೊಡ್ಡಣ್ಣಾ, ಮೆಷಿನ್ ಹಾಕಿ ದೂರ ನಿಂತ್ಕೊಳ್ಳಿ. ನಾನು ಮೇನ್ ಆಫ್ ಮಾಡಿ ಮತ್ತೆ ಆನ್ ಮಾಡ್ತೀನಿ."

"ಏನಮ್ಮಾ, ಪರೀಕ್ಷೆಯಾ?" ಎಂದು ಅವನು ನಕ್ಕ.

ಕರೆಂಟ್ ಹೋಗಿ ಬಂದಾಗ ಯಾರೂ ಇಲ್ಲದ ಮೆಷಿನ್ ಗರ್ರೆಂದು ತಾನೇ ಎದ್ದಿತು. ದೊಡ್ಡಣ್ಣನ ನಗು ಅಲ್ಲೇ ಬತ್ತಿತು. ಬೆಳಿಗ್ಗೆಯಷ್ಟೇ ಕರೆಂಟ್ ಹೋಗಿದ್ದಾಗ ಅದೇ ಸೀಳಿಗೆ ಕೈ ಹಾಕಿ ಚಕ್ಕೆ ತೆಗೆದಿದ್ದನಂತೆ. ಸಂಜೆಯೊಳಗೆ ಇಬ್ಬರೂ ಸೇರಿ ಏಳು ಮನೆ ಸುತ್ತಿದರು. ದೊಡ್ಡಣ್ಣನದೂ ಸೇರಿ ನಾಲ್ಕು ಶೆಡ್ಡಿನಲ್ಲಿ ಅದೇ ಸ್ವಿಚ್ಚು.

ಮರುದಿನ ಆ ನಾಲ್ವರ ಜೊತೆ ಅವಳು ಚಿಟಿಕೆಯ ಅಂಗಡಿಗೆ ಹೋದಳು. ಸಾದಾ ಸ್ವಿಚ್ಚನ್ನು ಅವನ ಮೇಜಿನ ಮೇಲೆ ಕುಕ್ಕಿದಳು. ಅದುವರೆಗೆ ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಅಂದು ಏಕವಚನಕ್ಕೆ ಇಳಿದಳು.

"ಇದರಲ್ಲಿ ಬೀಳೋದು ಎಲ್ಲಿದೆ, ತೋರಿಸು."

ಚಿಟಿಕೆ ದೊಡ್ಡಣ್ಣನ ಮುಖ ನೋಡಿದ. ಅಲ್ಲಿ ಆಸರೆ ಸಿಗಲಿಲ್ಲ.

"ಸಾಮಾನು ಬರೋಕೆ ಹತ್ತು ದಿನ ಅಂತಿದ್ರು ಅಕ್ಕಾ. ನೀವೆಲ್ಲಾ ಇವತ್ತೇ ಬೇಕು, ಈಗಲೇ ಬೇಕು ಅಂತ ಕುತ್ತಿಗೆ ಮೇಲೆ ಕೂತ್ಕೋತೀರಿ. ನಾನೇನ್ ಮಾಡ್ಲಿ?"

ನಾಲ್ವರಲ್ಲಿ ಇಬ್ಬರು ನೆಲ ನೋಡಿದರು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"'ಇಲ್ಲ, ಬೀಳಲ್ಲ' ಅನ್ನೋದಕ್ಕೆ ಎಷ್ಟು ದಿನ ಬೇಕಿತ್ತು?" ಅವಳ ದನಿ ಕೇಳಲು ಎಲ್ಲರೂ ಬಾಗಬೇಕಾಯಿತು. "ನಾನು ಕೇಳಿದ್ದೆ. ಬಾಗಿಲಲ್ಲಿ ನಿಂತು ಕೇಳಿದ್ದೆ. ಅವತ್ತು ಬೀಳಲ್ಲ ಅಂದಿದ್ರೆ ನನ್ನ ಗಂಡ ಕೈ ಹಾಕ್ತಿರಲಿಲ್ಲ."

ಚಿಟಿಕೆ ಮೇಜಿನ ಮೇಲಿದ್ದ ಸ್ವಿಚ್ಚನ್ನು ಪಕ್ಕಕ್ಕೆ ಸರಿಸಿದ. "ಕೇಳಿದ್ರಿ. ನಾನೇ ಸುಮ್ನೆ ಹೇಳ್ಬಿಟ್ಟೆ."

ಅವನಿಂದ ಅವಳಿಗೆ ಬೇಕಾಗಿದ್ದ ಮಾತು ಅದೊಂದೇ. ಸಿಕ್ಕಿದ ಮೇಲೂ ಎದೆ ತಣ್ಣಗಾಗಲಿಲ್ಲ. ನಾಲ್ಕು ಶೆಡ್ಡುಗಳಲ್ಲೂ ಅವನ ಕೈಯಲ್ಲೇ ಸರಿಯಾದ ಡಬ್ಬಿ ಹಾಕಿಸಿದಳು. ಪ್ರತಿಯೊಂದರ ಮುಂದೆಯೂ ಸೊಂಟಕ್ಕೆ ಕೈ ಕೊಟ್ಟು ನಿಂತು, ಮೇನ್ ಆಫ್ ಮಾಡಿ, ಆನ್ ಮಾಡಿ ನೋಡಿದ ಮೇಲೆಯೇ ಕದಲಿದಳು.

ಗಂಡ ಆಮೇಲೆ ಗರಗಸದ ಹತ್ತಿರ ಹೋಗಲಿಲ್ಲ. ಅವನು ಅಳತೆ ಹಾಕಿ ಗೆರೆ ಎಳೆಯುತ್ತಾನೆ, ಅವಳು ಕಾಪು ಇಳಿಸಿಕೊಂಡು ಸೀಳುತ್ತಾಳೆ. ಪೆನ್ಸಿಲ್ ಹಿಡಿಯಲು ಅವನು ಎಡಗೈ ಪಳಗಿಸಿಕೊಳ್ಳಬೇಕಾಯಿತು. ಮೊದಮೊದಲು ಸೊಟ್ಟಗೆರೆಗೂ ಇಬ್ಬರೂ ಜಗಳವಾಡಿದರು.

ಈಗ ಅಕ್ಕಪಕ್ಕದವರು ಮೆಷಿನ್ ಕೆಟ್ಟರೆ ಅವಳನ್ನೇ ಕರೆಯುತ್ತಾರೆ. ಮೊನ್ನೆ ಒಬ್ಬ, "ಸಂಜೆಯೊಳಗೆ ಹೇಗಾದ್ರೂ ಓಡೋ ಹಾಗೆ ಮಾಡಿಕೊಡಿ ಅಕ್ಕಾ, ಆಮೇಲೆ ನೋಡ್ಕೊಳ್ಳೋಣ" ಎಂದ. ಅವಳು ಬಿಚ್ಚಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಹಾಕಿ, ಪ್ಲಗ್ಗಿನ ವೈರನ್ನು ಸುತ್ತಿ ಅವನ ಕೈಗೇ ಕೊಟ್ಟಳು.

"ಹೇಗಾದ್ರೂ ಮಾಡೋರು ಬೇರೆ ಇದ್ದಾರೆ," ಎಂದು ಪಿಸುಗುಟ್ಟಿ, ಹಿಂತಿರುಗಿ ನೋಡದೆ ನಡೆದಳು.