ಪಿನ್ನಮ್ಮನವರ ಕೊನೆಯ ಹಾಳೆ

ಇಂಗ್ಲಿಷ್ ಎಂ.ಎ. ಮುಗಿಸಿದಾಗ ಜಗತ್ತೇ ನನಗಾಗಿ ಕಾಯುತ್ತಿದೆ ಎಂದುಕೊಂಡಿದ್ದೆ. ಕಾಯುತ್ತಿದ್ದದ್ದು ಎಂಟನೇ ಕ್ಲಾಸಿನ ಬಿ ಸೆಕ್ಷನ್, ಅದೂ ಒಂದೇ ವರ್ಷದ ಮಟ್ಟಿಗೆ. ಇನ್‌ಸ್ಪೆಕ್ಟರು ಬಂದು ನನ್ನ ಪಾಠ ನೋಡಿ 'ಪರವಾಗಿಲ್ಲ' ಎಂದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಅಪ್ಪನ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯಬೇಕು. ಗುಂಡಿಗೂ ನನಗೂ ಅಷ್ಟಕ್ಕಷ್ಟೇ ಎಂಬುದು ಅಪ್ಪನ ಗಿರಾಕಿಗಳಿಗೆಲ್ಲ ಗೊತ್ತು.

ನಮ್ಮ ಹಿರಿಯ ಇಂಗ್ಲಿಷ್ ಟೀಚರನ್ನು ಮಕ್ಕಳು ಪಿನ್ನಮ್ಮ ಎನ್ನುತ್ತಾರೆ. ವರ್ಷದ ಮೊದಲ ದಿನವೇ ಅವರು ಎಲ್ಲರ ಪುಸ್ತಕ ತರಿಸಿಕೊಂಡು, ಪ್ರತಿ ಕಥೆಯ ಕೊನೆಯ ಹಾಳೆಯನ್ನು ಮಡಚಿ ಪಿನ್ ಹೊಡೆಯುತ್ತಾರೆ. ಮುಂದೇನಾಯಿತೆಂದು ಮಕ್ಕಳು ತಾವೇ ಬರೆದ ಮೇಲಷ್ಟೇ ಪಿನ್ನಿಗೆ ಬಿಡುಗಡೆ. ಬರೆದದ್ದಕ್ಕೆಲ್ಲ ಕೆಂಪು ಶಾಯಿಯಲ್ಲಿ ಒಂದೇ ತೀರ್ಪು: 'ಕಾರಣ ಸಾಲದು.'

ಅವರ ಮನೆಯಲ್ಲೂ ಇದೇ ಪಾಡು. ಸಿನಿಮಾ ಮುಗಿಯಲು ಹತ್ತು ನಿಮಿಷ ಇರುವಾಗ ಟಿವಿ ಆರಿಸಿ ಗಂಡನ ಕೈಗೆ ಪೆನ್ನು ಕೊಡುತ್ತಾರಂತೆ. ಗಡಿಯಾರ ರಿಪೇರಿ ಮಾಡುವ ಆ ಯಜಮಾನರು ನನ್ನ ಹತ್ತಿರ ಗೋಳು ತೋಡಿಕೊಂಡಿದ್ದರು: "ಮೂವತ್ತು ವರ್ಷ ಆಯ್ತಪ್ಪಾ, ಒಬ್ಬ ವಿಲನ್ ಸತ್ತಿದ್ದೂ ನೋಡಿಲ್ಲ."

ನನ್ನ ಪುಸ್ತಕಕ್ಕೂ ಪಿನ್ ಬಿದ್ದಿತ್ತು. ಬಿಚ್ಚಿ ಓದಿಕೊಂಡು ಹೋಗುವುದು ಮೇಷ್ಟ್ರ ಕೆಲಸ. ನಾನು ಬಿಚ್ಚಿರಲಿಲ್ಲ. ಸೋಮಾರಿತನಕ್ಕೆ ಎಂ.ಎ. ಅಡ್ಡ ಬರುವುದಿಲ್ಲ.

ಇನ್‌ಸ್ಪೆಕ್ಟರು ಬಂದ ದಿನ ಹಿಂದಿನ ಬೆಂಚಿನಲ್ಲಿ ಪಿನ್ನಮ್ಮನ ಪಕ್ಕ ಕೂತರು. ಪಾಠ ಒಬ್ಬ ಮುದುಕನ ಕಥೆ. ಅವನು ದಿನಾ ರೈಲ್ವೆ ಸ್ಟೇಷನ್ನಿಗೆ ಬಂದು, ಬೀಗ ಹಾಕಿದ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಕೂರುತ್ತಾನೆ, ರೈಲು ಮಾತ್ರ ಹತ್ತುವುದಿಲ್ಲ. ನಾನು ಮುಕ್ಕಾಲು ಭಾಗ ಓದುವಷ್ಟರಲ್ಲಿ ಇನ್‌ಸ್ಪೆಕ್ಟರು ಕೇಳಿದರು: "ಮೇಷ್ಟ್ರೇ, ಆ ಪೆಟ್ಟಿಗೇಲಿ ಏನಿತ್ತು?"

ಉತ್ತರ ನಾನು ಬಿಚ್ಚದ ಹಾಳೆಯಲ್ಲಿತ್ತು. ಪಿನ್ನಮ್ಮ ಕಿಟಕಿಯ ಕಡೆ ನೋಡಿದರು. ನಾನು ಮಕ್ಕಳ ಕಡೆ ತಿರುಗಿದೆ. "ನೀವೇ ಹೇಳಿ."

"ಸತ್ತೋದ ಹೆಂಡ್ತಿ ಸೀರೆ ಸಾರ್."

"ಏನೂ ಇರ್ಲಿಲ್ಲ ಸಾರ್," ಎಂದಳು ಎರಡು ಜಡೆಯ ಹುಡುಗಿ. "ಬೆಂಚಲ್ಲಿ ಜಾಗ ಹಿಡಿಯೋಕೆ ಇಟ್ಕೊಂಡಿದ್ದ. ಯಾರಾದ್ರೂ ಬಂದ್ರೆ ಅದನ್ನ ಎತ್ತಿ ಜಾಗ ಕೊಡ್ತಾನೆ, ಪಕ್ಕದಲ್ಲಿ ಕೂತೋರು ಮಾತಾಡ್ಸ್ತಾರಲ್ಲ."

"ಅಲ್ಲಮ್ಮಾ," ಇನ್‌ಸ್ಪೆಕ್ಟರು ಎದ್ದೇ ನಿಂತರು. "ಸೊಸೆ ಮನೇಲಿ ಕೂರೋಕೆ ಬಿಡ್ತಿರ್ಲಿಲ್ಲ. ಪೆಟ್ಟಿಗೆ ಹಿಡ್ಕೊಂಡು ಹೊರಟ್ರೆ ಜನ ಊರಿಗೆ ಹೋಗ್ತಿದಾನೆ ಅಂದ್ಕೋತಾರೆ, ಮರ್ಯಾದೆ ಉಳಿಯುತ್ತೆ."

ಪಿನ್ನಮ್ಮ ಕೂತಲ್ಲಿಂದಲೇ, "ಕಾರಣ ಸಾಲದು," ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಇನ್‌ಸ್ಪೆಕ್ಟರು ಮೆಟ್ಟಿಲಿಳಿಯುವವರೆಗೂ ಪಿನ್ನಮ್ಮನ ಹತ್ತಿರ ಸೊಸೆಯ ಬಗ್ಗೆ ವಾದ ಮಾಡುತ್ತಲೇ ಇದ್ದರು.

ತಿಂಗಳ ನಂತರ, ಕೆಲಸ ಉಳಿಯಿತೋ ಇಲ್ಲವೋ ಎಂಬ ಆರ್ಡರು ನನ್ನ ಹೆಸರಿಗೆ ಬಂತು. ಸ್ಟಾಫ್ ರೂಮಿನಲ್ಲಿ ಪಿನ್ನಮ್ಮ ಅದನ್ನು ಆಗಲೇ ಮಡಚಿ ಪಿನ್ ಹೊಡೆದಿದ್ದರು.

"ಮೇಡಂ, ಹೊಟ್ಟೆ ಉರಿಸಬೇಡಿ, ಕೊಡಿ."

"ಮೊದ್ಲು ಬರೀರಿ ಮೇಷ್ಟ್ರೇ. ಅವತ್ತು ನೀವು ಪಿನ್ ಬಿಚ್ಚಿರ್ಲಿಲ್ಲ ಅಂತ ನಿಮ್ಮ ಮುಖದಲ್ಲೇ ಬರೆದಿತ್ತು."

ಬೇರೆ ದಾರಿಯಿಲ್ಲದೆ ಬರೆದೆ: 'ಕೆಲಸ ಹೋಯಿತು. ಏಕೆಂದರೆ ಮೇಷ್ಟ್ರು ಸೋಮಾರಿ.'

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಕೆಂಪು ಪೆನ್ನು ತೆಗೆದು ಕೆಳಗೆ ಬರೆದರು: 'ಕಾರಣ ಸರಿಯಾಗಿದೆ. ಅಂತ್ಯ ತಪ್ಪು.'

ಆಮೇಲೆ ಪಿನ್ ಕಿತ್ತು ನನ್ನ ಕೈಗೆ ಕೊಟ್ಟರು.