ಕುಸುಮಕ್ಕನ ಗೋಧಿ ಗಂಜಿ

ಕುಂದಾಪುರದ ಹಂಚಿನ ಕಾರ್ಖಾನೆಯೊಂದರ ಗೇಟಿನೆದುರು ಕುಸುಮಾವತಿಯ ಗಂಜಿ ಊಟದ ಚಪ್ಪರ. ೧೯೬೬ರ ಮಳೆಗಾಲದಲ್ಲಿ ದೇಶದ ಹಣಕಾಸು ಕುಸಿದ ಸುದ್ದಿಯನ್ನು ಅವಳಿಗೆ ಮುಟ್ಟಿಸಿದವನು ಹಂಚು ಸುಡುವ ಗೂಡಿಗೆ ಬೆಂಕಿ ಹಾಕುವ ಚಂದಯ್ಯ.

"ಕುಸುಮಕ್ಕ, ದಿಲ್ಲಿಯಂಗೆ ರೂಪಾಯಿ ಬೆಲೆ ಇಳ್ಸಿದ್ರಂಬ್ರ್."

"ಇಳ್ಸುಕೆ ಅದ್ ಹತ್ತಿದ್ದ್ ಯಾವಾಗ?" ಎಂದು ಅವಳು ಇನ್ನೊಂದು ಸೌಟು ಗಂಜಿ ಬಡಿಸಿದಳು.

ಈ ತಮಾಷೆ ನವರಾತ್ರಿಯವರೆಗೆ ನಡೆಯಿತು. ಆಮೇಲೆ ಗಂಜಿಗೆ ಬೇಕಾದ ಕುಚ್ಚಲಕ್ಕಿಯೇ ಅಂಗಡಿಗಳಿಂದ ಮಾಯ. ಬೇಕಾದರೆ ಹಿಂಬಾಗಿಲಲ್ಲಿ ನಿಂತು, ಕಳ್ಳಭಟ್ಟಿ ಕೇಳುವವರ ಹಾಗೆ ಪಿಸುಗುಟ್ಟಬೇಕು. ಸೊಸೈಟಿಯಲ್ಲಿ ರೇಷನ್ ಕಾರ್ಡಿಗೆ ಸಿಗುತ್ತಿದ್ದದ್ದು ಹಡಗಿನಲ್ಲಿ ಬಂದ ಅಮೆರಿಕದ ಗೋಧಿ. ಊರಿನಲ್ಲಿ ಆವರೆಗೆ ಗೋಧಿ ತಿಂದವರು ಎರಡೇ ಬಗೆಯವರು: ಜ್ವರದವರು, ಸಕ್ಕರೆ ಕಾಯಿಲೆಯವರು.

ಬೊಂಬಾಯಿಯ ಹೋಟೆಲಿನಲ್ಲಿ ಹತ್ತು ವರ್ಷ ತಟ್ಟೆ ತೊಳೆದು ಬಂದಿದ್ದ ಗುಣಪಾಲ ಎದುರು ಬದಿಯಲ್ಲಿ ಕೂಡಲೇ ಚಪಾತಿ ಬಾಜಿ ಶುರುಮಾಡಿದ. ಕೆಲಸದವರು ಅತ್ತ ದಾಟಿದರು. "ಜ್ವರ ಬಂದವ್ರೆಲ್ಲ ಅತ್ಲಾಗೇ ಹೋಯ್ನಿ!" ಎಂದು ಕುಸುಮಾವತಿ ಕೂಗಿದ್ದೇ ಬಂತು. ಗಂಡ ಸತ್ತ ಮೇಲೆ ಅವಳ ಒಲೆ ಉರಿಯುತ್ತಿದ್ದದ್ದು ಚಪ್ಪರದ ಬೆಂಚಿನಲ್ಲಿ ಕೂತು ಉಣ್ಣುವವರಿಂದ. ಹೀಗೇ ಒಂದು ತಿಂಗಳಾದರೆ ಚಪ್ಪರ ಬಿಚ್ಚುವುದೇ.

ಚಪಾತಿ ಲಟ್ಟಿಸಲು ಅವಳಿಗೆ ಬಾರದು. ಗುಣಪಾಲನಿಂದ ಕಲಿಯುವುದಂತೂ ಸತ್ತರೂ ಇಲ್ಲ. "ಧಾನ್ಯ ಅಂದ್ಮೇಲೆ ಬೇಯ್ಸುದ್, ಒಣ್ಗ್ಸುದ್, ಕುಟ್ಟುದ್. ಗೋಧಿಗೆ ಎಂತ ಕೊಂಬಿತ್ತಾ?" ಎಂದವಳೇ ಭತ್ತ ಬೇಯಿಸುವ ಹಂಡೆಗೆ ಗೋಧಿ ಸುರಿದಳು. ಬೆಂದದ್ದನ್ನು ಚಾಪೆಯಲ್ಲಿ ಒಣಗಿಸಿ, ಒನಕೆಯಲ್ಲಿ ಕುಟ್ಟಿ, ಕುಚ್ಚಲಕ್ಕಿಯೇ ಎಂಬ ಧೈರ್ಯದಲ್ಲಿ ಗಂಜಿ ಮಾಡಿದಳು.

ಮೊದಲು ಸಿಕ್ಕಿಬಿದ್ದವನು ಚಂದಯ್ಯ. ಒಂದು ತುತ್ತಿಗೆ ದವಡೆ ನಿಂತಿತು.

"ಹ್ವಾಯ್ ಕುಸುಮಕ್ಕ, ಇದ್ ಗಂಜಿಯಾ, ನಮ್ ಕಾರ್ಖಾನೆ ಮಣ್ಣಾ?"

"ಮಣ್ ತಿಂಬ ಕಾಲವೇ ಬಂದಿತ್, ಸುಮ್ನೆ ಉಣ್ಣ್. ಒಣಮೀನ್ ಚಟ್ನಿ ಇತ್ತಲ್ದಾ?"

ಕಾಸು ಕೊಟ್ಟದ್ದನ್ನು ಬಿಡುವ ಜಾಯಮಾನ ಅವನದಲ್ಲ. ಬೈದುಕೊಂಡೇ ಬಟ್ಟಲು ಬಳಿದ.

ಸಂಜೆ ಗೇಟು ಬಿಟ್ಟದ್ದೇ ನೆಟ್ಟಗೆ ಚಪ್ಪರಕ್ಕೆ ಬಂದ. ಜಗಳಕ್ಕೇ ಇರಬೇಕೆಂದು ಅವಳು ಸೌಟು ಹಿಡಿದು ನಿಂತಳು.

"ಅದ್ರಂಗೆ ಎಂತ ಹಾಕಿದ್ರಿ ಮಾರಾಯ್ರೆ? ಚಪಾತಿ ತಿಂದವ್ರೆಲ್ಲ ಮೂರ್ ಗಂಟಿಗೇ ಹೊಟ್ಟಿ ಹಿಡ್ಕಂಡ್ ಕೂಕಂಡಿರ್. ನಂಗೆ ಇನ್ನೂ ಹಸಿವೇ ಇಲ್ಲೆ!"

ಕೆಟ್ಟ ಕಾಲದಲ್ಲಿ ಗಿರಾಕಿ ನಾಲಗೆಯನ್ನು ಮನೆಯಲ್ಲಿಟ್ಟು ಬರುತ್ತಾನೆ. ತಿಂದದ್ದು ಹೊಟ್ಟೆಯಲ್ಲಿ ಎಷ್ಟು ಹೊತ್ತು ಕೂರುತ್ತದೆ, ಅಷ್ಟೇ ಲೆಕ್ಕ. ವಾರದೊಳಗೆ ಬೆಂಚು ಸಾಲದೆ ಒಡೆದ ಹಂಚಿನ ರಾಶಿಯ ಮೇಲೂ ಜನ ಕೂತು ಉಂಡರು. ಒಬ್ಬನೂ ಚೆನ್ನಾಗಿದೆ ಎನ್ನಲಿಲ್ಲ, ಒಬ್ಬನೂ ತಪ್ಪಿಸಲಿಲ್ಲ.

ಒಂದು ಮಧ್ಯಾಹ್ನ ಗುಣಪಾಲನೇ ಗುರುತು ಸಿಗದ ಹಾಗೆ ತಲೆಗೆ ಬೈರಾಸು ಹೊದ್ದು ಬಂದು ಬೆಂಚಿನ ತುದಿಗೆ ಕೂತ.

"ನಂಗೂ ಒಂದ್ ಬಟ್ಲ್ ಹಾಕಿ, ಕುಸುಮಕ್ಕ."

ಅವಳು ಧಾರಾಳವಾಗಿಯೇ ಬಡಿಸಿದಳು, ಮಾವಿನ ಮಿಡಿ ಉಪ್ಪಿನಕಾಯಿಯನ್ನೂ ಇಟ್ಟಳು. ಆಮೇಲೆ ಹಂಚಿನ ರಾಶಿಯವರಿಗೂ ಕೇಳುವಂತೆ ವಿಚಾರಿಸಿದಳು:

"ಎಂತ ಗುಣಪಾಲ, ಜ್ವರ ಬಿಡ್ತಾ?"